ಹುರಳಿಕಟ್ಟಿಗೆ ಪುರಾವೆ

ತಪ್ಪು ಸಿಗಲಿಲ್ಲ. ಶೇಷಗಿರಿ ರಾವ್ ಪಿಂಗಾಣಿ ಬಟ್ಟಲನ್ನು ಮೂಗಿನ ಹತ್ತಿರ ತಂದ, ದೂರ ಹಿಡಿದ, ಕಣ್ಣು ಮುಚ್ಚಿ ಮತ್ತೆ ಹತ್ತಿರ ತಂದ. ಬಾಣಲೆಯಿಂದ ಈಗಷ್ಟೇ ಇಳಿದ ಕಂದು ಬಣ್ಣದ ಉದುರುದುರು ಪದಾರ್ಥದಲ್ಲಿ ಬಟಾಣಿಯ ಹಸಿ ವಾಸನೆ ಎಳ್ಳಷ್ಟೂ ಇರಲಿಲ್ಲ. ಆ ವಾಸನೆಯ ಬೆನ್ನು ಹತ್ತಿ ಅವನು ಇಪ್ಪತ್ತೆರಡು ವರ್ಷ ಕಳೆದಿದ್ದ. ಖೀಮಾದಂತೆ ಕಾಣುವ, ಖೀಮಾದಂತೆಯೇ ಹುರಿಯಬಹುದಾದ, ಆದರೆ ಮಾಂಸವಲ್ಲದ ತಿನಿಸನ್ನು ಬಟಾಣಿಯ ಪ್ರೋಟೀನಿನಿಂದ ಮಾಡುವುದು ಜರ್ಮನಿಯ ಡ್ರೆಸ್ಡೆನ್ನಿನ ಈ ಕಾರ್ಖಾನೆಯ ಕಸುಬು. ಅದರಲ್ಲಿ ಬಟಾಣಿ ಎಲ್ಲಿ ಇಣುಕುತ್ತಿದೆ ಎಂದು ಪತ್ತೆ ಹಚ್ಚುವುದು ಶೇಷಗಿರಿಯ ಮೂಗಿನ ಕಸುಬು. ‘ಹೆರ್ ರಾವ್ ಅವರ ಮೂಗು ದಾಟಿತೇ?’ ಎಂದು ಕೇಳದೆ ಒಂದು ಮಾದರಿಯೂ ಮುಂದಕ್ಕೆ ಹೋಗದ ಕಾಲವೊಂದಿತ್ತು. ಈಗ ಆ ಮೂಗಿಗೆ ಮಾಡಲು ಕೆಲಸವಿರಲಿಲ್ಲ. ಔಷಧದಂಗಡಿಯಲ್ಲಿ ಕೊಂಡ ಅಗ್ಗದ ಕನ್ನಡಕವನ್ನು ಮೇಲೇರಿಸಿಕೊಂಡು, ತನ್ನ ನಿಜವಾದ ಕನ್ನಡಕ ಬೆಳಿಗ್ಗೆಯಿಂದ ಎಲ್ಲಿ ಮಾಯವಾಯಿತೋ ಎಂದು ಬೈದುಕೊಂಡು, ಅವನು ಅಂಕಗಳ ಹಾಳೆಯಲ್ಲಿ ಹತ್ತಕ್ಕೆ ಏಳು ಎಂದು ಬರೆದ. ಒಂಬತ್ತು ಬರೆಯಬೇಕಿತ್ತು. ಎರಡು ಅಂಕ ಕದ್ದಿದ್ದಕ್ಕೆ ಕೈಗೇ ನಾಚಿಕೆಯಾಗಿ ಪೆನ್ನು ಸ್ವಲ್ಪ ತಡೆಯಿತು, ಆದರೆ ತಿದ್ದಲಿಲ್ಲ.

ಪಕ್ಕದ ಒಲೆಯ ಮೇಲೆ ಹೋಲಿಕೆಗೆಂದು ನಿಜವಾದ ಖೀಮಾ ಹುರಿಯತೊಡಗಿದರು. ಶೇಷಗಿರಿ ವಾಡಿಕೆಯಂತೆ ಎದ್ದು ಹೊರಗೆ ಕಾರಿಡಾರಿನಲ್ಲಿ ನಿಂತ. ಇಪ್ಪತ್ತೆರಡು ವರ್ಷವೂ ಹೀಗೇ ನಿಂತಿದ್ದ. ಸಹೋದ್ಯೋಗಿಗಳು ಅದನ್ನು ಗೌರವದಿಂದಲೇ ಕಂಡಿದ್ದರು, ಅವನೂ ಅದನ್ನು ತನ್ನ ದೊಡ್ಡತನವೆಂದೇ ತಿಳಿದಿದ್ದ. ಗಾಜಿನ ಬಾಗಿಲಿನಾಚೆ, ಇವತ್ತಿನ ಮಾದರಿ ಮಾಡಿದ ಸಂಜನಾ ಕಾಣಿಸಿದಳು. ಅವಳೂ ಮಾಂಸ ತಿನ್ನುವವಳಲ್ಲ, ಗದಗದ ಕಡೆಯ ಲಿಂಗಾಯತರ ಮನೆಯ ಹುಡುಗಿ. ಆದರೂ ಬಾಣಲೆಯ ಮೇಲೆ ಬಾಗಿ, ಮೂಗಿನ ತುದಿ ಆವಿಗೆ ಸುಡುವಷ್ಟು ಹತ್ತಿರ ಹೋಗಿ, ಕಣ್ಣಲ್ಲಿ ನೀರು ಬರುತ್ತಿದ್ದರೂ ಅಲುಗದೆ ಮೂಸುತ್ತಿದ್ದಳು. ಮೂಸಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಹೋಗಿ ಮುಖ ತೊಳೆದು ಬಂದು, ಮತ್ತೆ ಮೂಸಿದಳು. ಏನನ್ನು ಹೋಲಬೇಕೋ ಅದನ್ನೇ ತಾನು ಇಷ್ಟು ವರ್ಷ ಒಮ್ಮೆಯೂ ಮೂಸಿ ನೋಡಿರಲಿಲ್ಲ ಎನ್ನುವುದು ಶೇಷಗಿರಿಗೆ ಕಪಾಳಕ್ಕೆ ಬಿಗಿದಂತೆ ಹೊಳೆಯಿತು. ದೊಡ್ಡತನವೂ ಅಲ್ಲ, ಮಡಿಯೂ ಅಲ್ಲ, ಬರೀ ಪುಕ್ಕಲುತನ. ಮೂವತ್ತೊಂದರ ಹುಡುಗಿಗೆ ಅದು ಗೊತ್ತಾದದ್ದು ಹೇಗೆ, ಐವತ್ತೇಳರ ತನಗೆ ಗೊತ್ತಾಗದೇ ಹೋದದ್ದು ಹೇಗೆ? ಒಳಗೆ ಎದ್ದದ್ದಕ್ಕೆ ಬೇರೆ ಹೆಸರು ಹುಡುಕುವುದರಲ್ಲಿ ಅರ್ಥವಿರಲಿಲ್ಲ, ಅದು ಹೊಟ್ಟೆಕಿಚ್ಚೇ. ಅದನ್ನು ಒಪ್ಪಿಕೊಂಡರೆ ಕಡಿಮೆಯಾದೀತು ಎಂದು ಒಪ್ಪಿಕೊಂಡು ನೋಡಿದ. ಕಡಿಮೆಯಾಗಲಿಲ್ಲ.

ಇನ್ನೂ ಉರಿಯುವ ಸಂಗತಿಯೆಂದರೆ ಬಟಾಣಿಯ ವಾಸನೆ ಅಡಗಿಸುವ ಉಪಾಯ ಅವಳಿಗೆ ಸಿಕ್ಕಿದ್ದು ಅವನ ಮನೆಯ ಊಟದ ಮೇಜಿನ ಮೇಲೆ. ಒಂಟಿ ಹುಡುಗಿ, ಊರು ಹೊಸದು ಎಂದು ಅವನ ಹೆಂಡತಿ ಊರ್ಮಿಳಾ ಒಂದು ಶನಿವಾರ ಅವಳನ್ನು ಊಟಕ್ಕೆ ಕರೆದಿದ್ದಳು. ಊರ್ಮಿಳಾ ಮದುವೆಯಾಗಿ ಬಂದಂದಿನಿಂದ ಶನಿವಾರವೆಂದರೆ ಹುರಳಿಕಟ್ಟಿನ ಸಾರು. ಹುರಳಿ ಬೇಯಿಸಿ, ಬಸಿದ ನೀರನ್ನು ಎಸೆಯದೆ ಎತ್ತಿಟ್ಟು, ದಿನಕ್ಕೊಮ್ಮೆ ಕುದಿಸಿ ಕುದಿಸಿ ಮೂರನೆಯ ದಿನಕ್ಕೆ ಕಪ್ಪಗೆ ಮಂದವಾಗುವಂತೆ ಇಳಿಸಿದರೆ ಅದೇ ಕಟ್ಟು. ಬಡಿಸುವ ಮೊದಲು ಊರ್ಮಿಳಾ ಸೌಟಿನಿಂದ ಒಂದು ತೊಟ್ಟನ್ನು ಶೇಷಗಿರಿಯ ಅಂಗೈಗೆ ಬಿಡುತ್ತಿದ್ದಳು. ‘ಉಪ್ಪು ನೋಡ್ರೀ’ ಎನ್ನುತ್ತಿದ್ದಳು. ಅವನು ನೆಕ್ಕಿ ನೋಡಿ ತಲೆಯಾಡಿಸಿದ ಮೇಲೆಯೇ ಉಳಿದವರಿಗೆ ಬಡಿಸುವುದು. ಆ ಶನಿವಾರವೂ ಹಾಗೇ ಆಯಿತು. ಸಂಜನಾ ಮೊದಲ ತುತ್ತು ಬಾಯಿಗಿಟ್ಟವಳು ಕೈ ನಿಲ್ಲಿಸಿ, “ಕಾಕು, ಏನ್ ಹಾಕೀರಿ ಇದರಾಗ? ಸಿಟ್ಟ ಮಾಡ್ಕೋಬ್ಯಾಡ್ರಿ, ಬಾಜೂ ಮನ್ಯಾಗ ಮಾಂಸ ಬೇಸಾಕತ್ತಿದ್ರ ಹೆಂಗ ವಾಸನಿ ಬರ್ತೈತಿ, ಹಂಗೈತ್ರಿ” ಎಂದಳು. ಶೇಷಗಿರಿ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ. ಊರ್ಮಿಳಾ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ನಮ್ಮತ್ತೆ ಕೇಳಿಸ್ಕೊಂಡಿದ್ರೆ ನಿನ್ನ ಬಾವಿಗೆ ತಳ್ಳಿರೋರು ಕಣೇ’ ಎಂದು ನಕ್ಕು, ಕಟ್ಟು ಇಳಿಸುವುದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಕೊಟ್ಟಳು. ಸೋಮವಾರ ಸಂಜನಾ ಪ್ರಯೋಗಶಾಲೆಯಲ್ಲಿ ಎರಡು ಕಿಲೋ ಹುರಳಿ ಬೇಯಲು ಇಟ್ಟಿದ್ದಳು. ಬಟಾಣಿಯ ಹಸಿ ವಾಸನೆಯನ್ನು ಹುರಳಿಯ ಕಟ್ಟು ನುಂಗಿಹಾಕಿತು. ಮೂವತ್ತು ವರ್ಷ, ವಾರಕ್ಕೊಮ್ಮೆ, ತನ್ನ ಅಂಗೈಯ ಮೇಲೆಯೇ ಬಿದ್ದ ತೊಟ್ಟು. ಲೆಕ್ಕ ಹಾಕಲು ಹೋದರೆ ತಲೆ ಕೆಡುತ್ತಿತ್ತು.

“ಹುರಳಿಯ ಬಗ್ಗೆ ನಿಮ್ಮ ಅಭಿಪ್ರಾಯ ನಾಲ್ಕು ಗಂಟೆಗೆ ಕಳಿಸುತ್ತೀರಲ್ಲವೇ?” ಎಂದು ಹಿಂದಿನಿಂದ ಫ್ರಾವ್ ಲೇನರ್ಟ್ ಕೇಳಿದಳು. ಕಂಪನಿಯ ಮುಖ್ಯಸ್ಥೆ ಅವಳು, ಯಾವಾಗಲೂ ಜರ್ಮನ್‌ನಲ್ಲಿ, ಯಾವಾಗಲೂ ನಡೆಯುತ್ತಲೇ ಮಾತಾಡುವವಳು. ಶೇಷಗಿರಿ ತಲೆಯಾಡಿಸಿದ. ಐದು ವರ್ಷದ ಹಿಂದೆ, ಮಾರಾಟ ಏರುವುದು ನಿಂತು, ಅಗ್ಗದ ಅಂಗಡಿಗಳು ತಮ್ಮದೇ ಹೆಸರಿನ ಸಸ್ಯದ ಖೀಮಾವನ್ನು ಅರ್ಧ ಬೆಲೆಗೆ ಇಟ್ಟಾಗ, ಅವಳು ಅವನನ್ನು ಪ್ರಯೋಗಶಾಲೆಯಿಂದ ಎತ್ತಿ ಕಾಯಿದೆಯ ಕಡತಗಳ ಮುಂದೆ ಕೂರಿಸಿದ್ದಳು. ‘ಇನ್ನು ಮುಂದೆ ರುಚಿಗಿಂತ ಕಾನೂನಿಗೇ ಹೆಚ್ಚು ತಲೆ ಬೇಕು’ ಎಂದಿದ್ದಳು, ಬಡ್ತಿ ಕೊಟ್ಟವಳಂತೆ. ಅಂದಿನಿಂದ ಪೊಟ್ಟಣದ ಮೇಲೆ ಯಾವ ಅಕ್ಷರ ಎಷ್ಟು ದೊಡ್ಡದಿರಬೇಕು, ಮಾಂಸವಿಲ್ಲದ್ದನ್ನು ಮಾಂಸದ ಹೆಸರಿನಿಂದ ಕರೆಯಬಹುದೇ, ಬ್ರಸೆಲ್ಸಿನಲ್ಲಿ ಯಾರು ಯಾವ ಹೆಸರಿನ ಮೇಲೆ ಕಣ್ಣು ಹಾಕಿದ್ದಾರೆ ಎಂಬುದೇ ಅವನ ದಿನಚರಿ. ಮಾದರಿ ಮೂಸಲು ಮಾತ್ರ ಈಗಲೂ ಕರೆಯುತ್ತಿದ್ದರು. ಈ ವಾರ ಬಂದದ್ದು ಬೇರೆ ತರಹದ ಪ್ರಶ್ನೆ. ಯುರೋಪಿನಲ್ಲಿ 1997ರ ಮೇ 15ಕ್ಕಿಂತ ಮುಂಚೆ ಜನ ಗಣನೀಯವಾಗಿ ತಿನ್ನದೇ ಇದ್ದ ಪದಾರ್ಥ ‘ಹೊಸ ಆಹಾರ’. ಅದಕ್ಕೆ ಬೇರೆಯಾಗಿ ಅನುಮತಿ ಬೇಕು, ಅನುಮತಿಗೆ ವರ್ಷಗಟ್ಟಲೆ ಕಾಯಬೇಕು. ಹುರಳಿ ಹೊಸದೋ ಹಳೆಯದೋ? ಶರತ್ಕಾಲಕ್ಕೆ ಈ ಖೀಮಾವನ್ನು ತನ್ನ ಅಂಗಡಿಗಳಲ್ಲಿಡಲು ಒಪ್ಪಿದ್ದ ದೊಡ್ಡ ಸಂಸ್ಥೆಯ ವಕೀಲರು ಬರಹದಲ್ಲಿ ಉತ್ತರ ಕೇಳಿದ್ದರು. ಶೇಷಗಿರಿ ತಡಕಿದ ಪಟ್ಟಿಗಳಲ್ಲಿ ಅವನಿಗೆ ಬೇಕಾದಷ್ಟು ಸ್ಪಷ್ಟವಾದ ಉತ್ತರವಿರಲಿಲ್ಲ. ಹಳೆಯದೆನ್ನಲು ಪುರಾವೆ ಬೇಕು. ಪುರಾವೆಯಿಲ್ಲದಿದ್ದರೆ ಈ ಖೀಮಾ ಮೂಲೆಗೆ ಬೀಳುತ್ತದೆ, ಡಿಸೆಂಬರಿಗೆ ಮುಗಿಯುವ ಸಂಜನಾಳ ಕೆಲಸದ ಕರಾರನ್ನು ಮುಂದುವರಿಸಲು ಯಾರಿಗೂ ಕಾರಣವಿರುವುದಿಲ್ಲ. ಇದಿಷ್ಟೂ ಶೇಷಗಿರಿಗೆ ಬಾಯಿಪಾಠವಾಗಿತ್ತು.

ಪುರಾವೆ ಅವನ ಮನೆಯ ಕೆಲ್ಲರಿನಲ್ಲೇ, ನೆಲದಡಿಯ ಉಗ್ರಾಣದಲ್ಲೇ ಇತ್ತು. ಬೆಳಿಗ್ಗೆ ಆರಕ್ಕೆ, ಊರ್ಮಿಳಾ ಸ್ನಾನಕ್ಕೆ ಹೋದದ್ದು ನೋಡಿಕೊಂಡು, ಕಳ್ಳನಂತೆ ಮೆಟ್ಟಿಲಿಳಿದಿದ್ದ. ಹಸಿರು ಕಡತ. ತೆರೆದರೆ ಮೊದಲು ಬಂದದ್ದು ಅಂಟಿನ ವಾಸನೆ, ಅಥವಾ ಅದರ ನೆನಪು. ಆಗ ಅವನು ಪಿಎಚ್‌ಡಿಗೆಂದು ಇಲ್ಲಿಗೆ ಬಂದು ಒಂದೂವರೆ ವರ್ಷವಾಗಿತ್ತು, ಊರ್ಮಿಳಾ ಬಂದು ಮೂರು ತಿಂಗಳು. ಬರ್ಲಿನ್ನಿನಲ್ಲಿ ಜಾಫ್ನಾದ ತಮಿಳರೊಬ್ಬರ ದಿನಸಿ ಅಂಗಡಿ. ಪೊಟ್ಟಣಗಳ ಮೇಲೆ ಜರ್ಮನ್‌ನಲ್ಲಿ ಚೀಟಿ ಇಲ್ಲದಿದ್ದರೆ ಮಾರುವಂತಿಲ್ಲ ಎಂದು ಅಧಿಕಾರಿ ಗದರಿಸಿ ಹೋದಾಗ ಆ ಮನುಷ್ಯ ಕಂಡ ಕಂಡ ವಿದ್ಯಾರ್ಥಿಗಳನ್ನು ಹಿಡಿದು ಕೂರಿಸಿಕೊಳ್ಳುತ್ತಿದ್ದ. ಶೇಷಗಿರಿ ತಿಂಗಳಿಗೆರಡು ಶನಿವಾರ ರೈಲಿನಲ್ಲಿ ಹೋಗಿ ಚೀಟಿ ಬರೆದ. ಉದ್ದು, ಅವರೆ, ಅಲಸಂದೆ, ಹುರಳಿ. ಒಂದೊಂದಕ್ಕೂ ಸಸ್ಯಶಾಸ್ತ್ರದ ಹೆಸರು, ಕೆಳಗೆ ‘ಬೇಯಿಸಿ ತಿನ್ನತಕ್ಕದ್ದು’ ಎಂಬ ಸೂಚನೆ. ಊರ್ಮಿಳಾ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಕ್ಕಿಚೀಲದ ಮೇಲೆ ಕೂತು ಅಂಟಿಸುತ್ತಿದ್ದಳು, ಬೆರಳಿನ ಅಂಟನ್ನು ಅವನ ಕೋಟಿಗೆ ಒರೆಸಿ ಓಡುತ್ತಿದ್ದಳು. ಸಂಬಳದ ಬದಲು ಒಂದು ಚೀಲ ಹುರಳಿ. ಕಡತದಲ್ಲಿ ಆ ಚೀಟಿಗಳ ಮಾದರಿಗಳಿದ್ದವು. ಅದಕ್ಕಿಂತ ಮುಖ್ಯವಾಗಿ, 1996ರ ಮಾರ್ಚಿನಲ್ಲಿ ಅವನೇ ಬೆರಳಚ್ಚು ಮಾಡಿ ಆಹಾರ ತಪಾಸಣೆಯ ಕಚೇರಿಗೆ ಒಪ್ಪಿಸಿದ ಧಾನ್ಯಗಳ ಪಟ್ಟಿಯ ಪ್ರತಿ ಇತ್ತು: ಹುರಳಿ, ಮನುಷ್ಯರ ಆಹಾರಕ್ಕಾಗಿ, ನಾಲ್ಕು ನೂರು ಕಿಲೋ. ಮೇಲೆ ಕಚೇರಿಯ ದುಂಡನೆಯ ಮೊಹರು, ದಿನಾಂಕ. ಜೊತೆಗೆ ಇನ್ನೂ ಎರಡು ಊರಿನ ಅಂಗಡಿಗಳಿಗೆ ಸರಕು ಹೋದ ವಿಳಾಸ. ನೋಡಿದ. ಕೂತು, ಎರಡು ಸಲ ಓದಿದ. ಆಮೇಲೆ ಕಡತವನ್ನು ಅದರ ಜಾಗದಲ್ಲಿಡದೆ, ಮಗ ಬಿಟ್ಟುಹೋದ ಸ್ಕೀಯಿಂಗ್ ಬೂಟುಗಳ ಹಿಂದೆ ತುರುಕಿದ. ಮೇಲೆ ಬಂದಾಗ ಊರ್ಮಿಳಾ ತಲೆ ಒರೆಸಿಕೊಳ್ಳುತ್ತಾ ನಿಂತಿದ್ದಳು. “ಏನ್ ಹುಡುಕ್ತಿದ್ರಿ ಇಷ್ಟೊತ್ತಿಗೆ?” ಎಂದಳು. “ಸ್ಕ್ರೂಡ್ರೈವರ್” ಎಂದಿದ್ದ. ಸಿಕ್ಕಿತಾ ಎಂದು ಅವಳು ಕೇಳಲಿಲ್ಲ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸಂಜನಾ ತನ್ನ ತಟ್ಟೆಯನ್ನು ತಂದು ಅವನೆದುರಿಗೇ ಇಟ್ಟಳು. ಬೇರೆ ಮೇಜುಗಳಲ್ಲಿ ಎಷ್ಟೊಂದು ಜಾಗವಿತ್ತು.

“ಸರ್, ಏನರ ಸಿಕ್ತೇನ್ರೀ?”

“ಹುಡುಕ್ತಾ ಇದೀನಮ್ಮ.”

“ನಾ ಸುಮಾರು ಹಳೇ ಕ್ಯಾಟಲಾಗ್ ಎಲ್ಲಾ ಆನ್‌ಲೈನ್ ತಡಕಿದ್ನ್ರಿ, ಏನೂ ಇಲ್ಲ. ಆವಾಗ ಇಲ್ಲೆ ಇದ್ದ ನಮ್ಮ ಮಂದಿ ಏನ್ ತಿಂತಿದ್ರು ಅಂತ ಯಾರೂ ಬರದಿಟ್ಟಿಲ್ಲ ನೋಡ್ರಿ.” ಅವಳು ಚಮಚದಿಂದ ಆಲೂಗಡ್ಡೆ ಮುರಿಯುತ್ತ ದನಿ ತಗ್ಗಿಸಿದಳು. “ಆಗಲಿಲ್ಲಂದ್ರ ಬಿಡ್ರಿ. ಡಿಸೆಂಬರ್‌ಕ ಕರಾರ ಮುಗಿತೈತಿ, ಇನ್ನೊಂದ ಕೆಲಸ ಹುಡುಕೂದು. ಖರೇ ಹೇಳ್ತೀನಿ ಸರ್, ನನಗ ಕೆಲಸಕ್ಕಿಂತ ಹುರಳಿದ ಚಿಂತಿ ಭಾಳ ಆಗೇತಿ. ಕಾಕು ಹೇಳಿಕೊಟ್ಟದ್ದಲ್ಲೇನ್ರಿ.”

ಅವಳ ಮಾತಿನಲ್ಲಿ ಕುಹಕವಿದೆಯೇ ಎಂದು ಶೇಷಗಿರಿ ಮೂಸಿ ನೋಡಿದ. ಇರಲಿಲ್ಲ, ಅದೇ ತೊಂದರೆ. ಅವಳಲ್ಲೊಂದು ಸಣ್ಣತನ ಸಿಕ್ಕಿದ್ದರೆ ತನ್ನ ಸಣ್ಣತನಕ್ಕೆ ಜೊತೆ ಸಿಕ್ಕಂತಾಗುತ್ತಿತ್ತು. ಕಳೆದ ಬೇಸಿಗೆಯಲ್ಲಿ ಮಗ ಪ್ರದ್ಯುಮ್ನ ಬಂದಿದ್ದ. ಅಪ್ಪ ಏನು ಕೇಳಿದರೂ ಜರ್ಮನ್‌ನಲ್ಲಿ ಎರಡು ಪದ ಹೇಳಿ ಫೋನು ನೋಡುವ ಹುಡುಗ, ಇವಳ ಜೊತೆ ಇಡೀ ಸಂಜೆ ಹರಕುಮುರುಕು ಕನ್ನಡದಲ್ಲಿ ಹರಟಿದ. ಇವಳು ಕೈಹಾಕಿದ್ದೆಲ್ಲ ಕೈಗೆ ಬರುತ್ತಿತ್ತು. ಕಚೇರಿಯಲ್ಲಿ ‘ಸರ್’ ಎನ್ನುವಳು, ಮನೆಗೆ ಬಂದರೆ ಬಾಗಿಲಲ್ಲೇ ‘ಕಾಕಾ’ ಎನ್ನುವಳು. ಕಾಕಾ ಎಂದ ಕೂಡಲೇ ಊರ್ಮಿಳಾ ಕರಗಿಹೋಗುವಳು. ತಾನು ಮಾತ್ರ, ಮನೆ ತುಂಬಾ ನೆಂಟರಿದ್ದೂ ಊಟಕ್ಕೆ ಯಾರೂ ಕರೆಯದವನ ಹಾಗೆ, ತನ್ನ ಸೋಫಾದಲ್ಲೇ ಒಂದು ಬದಿಗೆ ಸರಿದು ಕೂರಬೇಕು.

ಕೋಣೆಗೆ ಬಂದು ಬಾಗಿಲು ಹಾಕಿಕೊಂಡ. ಅಭಿಪ್ರಾಯ ಬರೆಯುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಒಂದೂವರೆ ಪುಟ ಬರೆದ, ಎಲ್ಲವೂ ನಿಜ. ಹುರಳಿ ಎಲ್ಲೆಲ್ಲಿ ಬೆಳೆಯುತ್ತದೆ, ಯಾವ ಪಟ್ಟಿಯಲ್ಲಿ ಏನಿದೆ, ಕಾಯಿದೆಯ ಯಾವ ವಿಧಿ ಏನು ಹೇಳುತ್ತದೆ. ಕೊನೆಯ ಸಾಲು ಉಳಿಯಿತು. ಒಂದು ಅಂಗಡಿಯ ಪಟ್ಟಿ ಸಾಕಾಗುತ್ತದೆಯೇ? ನಾಲ್ಕು ನೂರು ಕಿಲೋ ಎಂದರೆ ಗಣನೀಯವೇ? ಸಾಕಾಗದೇ ಇರಬಹುದು. ಸಾಕಾಗದ ಪುರಾವೆಯನ್ನು ಕೊಟ್ಟು ಹುಡುಗಿಗೆ ಸುಮ್ಮನೆ ಆಸೆ ಹುಟ್ಟಿಸುವುದು ಸರಿಯೇ? ಹೀಗೆ ತನ್ನನ್ನು ತಾನು ಕೇಳಿಕೊಂಡಾಗ ಅವನ ದನಿ ಎಷ್ಟು ನ್ಯಾಯವಂತನದಾಗಿತ್ತೆಂದರೆ ಒಂದು ಕ್ಷಣ ಅವನೇ ನಂಬಿದ. ಮರುಕ್ಷಣ, ಸಾಕೋ ಸಾಲದೋ ಹೇಳಬೇಕಾದವರು ಅಧಿಕಾರಿಗಳು, ತಾನು ಹೇಳಬೇಕಾದದ್ದು ಇದೆಯೋ ಇಲ್ಲವೋ ಎಂಬುದನ್ನಷ್ಟೇ ಎಂದು ಮೂವತ್ತು ವರ್ಷದ ವಿದ್ಯೆ ನೆನಪಿಸಿತು. ಅಗ್ಗದ ಕನ್ನಡಕದಲ್ಲಿ ಪರದೆಯ ಅಕ್ಷರಗಳು ಅಂಚಿನಲ್ಲಿ ಮಸುಕಾಗುತ್ತಿದ್ದವು. ಅಕ್ಕಿಚೀಲದ ಮೇಲೆ ಕೂತ ಊರ್ಮಿಳಾಳ ಇಪ್ಪತ್ತನಾಲ್ಕು ವರ್ಷದ ಬೆರಳುಗಳು ಎಲ್ಲಿಂದಲೋ ಬಂದು ಕೀಲಿಮಣೆಯ ಮೇಲೆ ನಿಂತವು, ಹೋದವು. ‘1997ರ ಮೇ 15ಕ್ಕಿಂತ ಮುಂಚೆ ಯುರೋಪಿನಲ್ಲಿ ಹುರಳಿಯನ್ನು ಜನ ಆಹಾರವಾಗಿ ಬಳಸುತ್ತಿದ್ದರೆಂಬುದಕ್ಕೆ ಯಾವ ದಾಖಲೆಯೂ ನನ್ನ ಅರಿವಿಗೆ ಬಂದಿಲ್ಲ’ ಎಂದು ಬರೆದ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಕಳಿಸಿದ. ಎದೆ ಹಗುರಾಗುತ್ತದೆ ಎಂದು ಕಾದ. ಬಾಯಾರಿಕೆಯಾಯಿತು, ಅಷ್ಟೇ.

ಐದಕ್ಕೆ ಎದ್ದು ಟ್ರಾಮ್ ಹತ್ತಿದ. ಸೇತುವೆಯ ಮೇಲೆ ಬಿಸಿಲು ಇನ್ನೂ ಬೆಳ್ಳಗಿತ್ತು, ಕೆಳಗೆ ಎಲ್ಬೆಯ ದಂಡೆಯ ಹುಲ್ಲಿನ ಮೇಲೆ ಜನ ಕಾಲು ಚಾಚಿ ಮಲಗಿದ್ದರು. ಎದುರಿನ ಸೀಟಿನಲ್ಲಿ ಮುದುಕಿಯೊಬ್ಬಳ ಚೀಲದಿಂದ ಸಸ್ಯದ ಖೀಮಾದ ಪೊಟ್ಟಣ ಇಣುಕುತ್ತಿತ್ತು, ಎದುರಾಳಿ ಕಂಪನಿಯದು, ಹಳದಿ ಚೀಟಿ ಅಂಟಿಸಿ ಬೆಲೆ ಇಳಿಸಿದ್ದು. ಅದನ್ನು ಅವಳು ಮನೆಗೆ ಹೋಗಿ ಹುರಿಯುತ್ತಾಳೆ, ಬಟಾಣಿ ವಾಸನೆ ಹೊಡೆಯುತ್ತದೆ, ಮುಂದಿನ ವಾರ ಮತ್ತೆ ಮಾಂಸವನ್ನೇ ತರುತ್ತಾಳೆ. ಸಂಜನಾ ಮಾಡಿದ್ದು ಅವಳ ಚೀಲದಲ್ಲಿದ್ದಿದ್ದರೆ? ನಾಳೆ ಹೇಳಬಹುದು ಎಂದುಕೊಂಡ. ಹಳೆಯ ಕಡತವೊಂದು ಅಚಾನಕ್ಕಾಗಿ ಸಿಕ್ಕಿತು ಎಂದು ನಾಳೆ ಬೆಳಿಗ್ಗೆ ಫ್ರಾವ್ ಲೇನರ್ಟ್‌ಗೆ ಹೇಳಿ, ಹುಡುಗಿಯನ್ನು ಉಳಿಸಿದವನಾಗಬಹುದು. ಪುರಾವೆ ತಂದವನು ತಾನೆಂದಾದರೆ ಖೀಮಾದ ಅರ್ಧ ಯಶಸ್ಸು ತನ್ನದೇ. ಈ ಯೋಚನೆ ಬಂದದ್ದೇ ಅವನಿಗೆ ಎಷ್ಟು ನೆಮ್ಮದಿಯಾಯಿತೆಂದರೆ, ತಾನು ಒಳ್ಳೆಯವನೇ, ಒಂದು ದಿನ ತಡವಾಯಿತಷ್ಟೇ ಎಂದು ಅನ್ನಿಸಿತು. ಇಳಿಯುವ ನಿಲ್ದಾಣ ಬರುವವರೆಗೂ ಹಾಗೆ ಅನ್ನಿಸುತ್ತಿತ್ತು.

ಬಾಗಿಲ ಹೊರಗೆ ಸಂಜನಾಳ ಸೈಕಲ್ಲಿತ್ತು. ಒಳಗೆ ಕಾಲಿಟ್ಟರೆ ಹುರಳಿಕಟ್ಟಿನ ವಾಸನೆ, ಮಂಗಳವಾರವೇ. ಊಟದ ಮೇಜಿನ ಮೇಲೆ ಹಸಿರು ಕಡತ ಬಿಚ್ಚಿಕೊಂಡು ಬಿದ್ದಿತ್ತು, ಚೀಟಿಗಳು ಸಾಲಾಗಿ ಹರಡಿದ್ದವು.

“ಕಾಕಾ!” ಸಂಜನಾ ಕುರ್ಚಿಯಿಂದ ಎದ್ದೇಬಿಟ್ಟಳು. “ನೋಡ್ರಿ ಇಲ್ಲೆ! ನಿಮ್ಮ ಕೈಬರಹ! ಮಧ್ಯಾಹ್ನ ಸುಮ್ನ ಕಾಕುಗ ಫೋನ್ ಹಚ್ಚಿ, ಆವಾಗ ಹುರಳಿ ಎಲ್ಲಿ ಸಿಗ್ತಿತ್ರಿ ಅಂತ ಕೇಳಿದ್ನಿ. ‘ಅಯ್ಯೋ, ಅದಕ್ಕೆ ಚೀಟಿ ಬರೆದೋರೇ ಇವ್ರಲ್ವೇನೇ’ ಅಂದ್ರು. ಕೆಲ್ಲರ್‌ನಾಗ ಹುಡುಕಿ ಎಲ್ಲಾ ಫೋಟೋ ಕಳಿಸಿದ್ರು. ನಾ ನಾಲ್ಕೂಕಾಲಕ್ಕ ಲೇನರ್ಟ್ ಮ್ಯಾಡಮ್‌ಗ ಹಾಕೇಬಿಟ್ನಿ, ಸರ್ ಹತ್ರನ ಇತ್ತು ಅಂತ ನಿಮ್ಮ ಹೆಸರಿಲೆ.”

ಶೇಷಗಿರಿಗೆ ಚೀಲವನ್ನು ಹೆಗಲಿಂದ ಇಳಿಸಬೇಕೆಂಬುದೂ ತೋಚಲಿಲ್ಲ.

“ಮ್ಯಾಡಮ್ ಫೋನ್ ಮಾಡಿದ್ರು,” ಅವಳ ದನಿ ಸ್ವಲ್ಪ ಮೆತ್ತಗಾಯಿತು. “ದಾಖಲೆ ಇಲ್ಲಂತ ನೀವು ಆಗಲೇ ಬರದ್ ಕಳಿಸೀರಂತ. ತಮ್ಮ ಫೈಲ್‌ದಾಗ ಇದ್ದದ್ದ ರಾವ್ ಅವರಿಗೆ ಹೆಂಗ ಗೊತ್ತಿಲ್ಲ ಅಂತ ಕೇಳಿದ್ರು. ನಾ ಹೇಳಿದ್ನ್ರಿ, ಮೂವತ್ತ ವರ್ಷದ ಮಾತು, ಮರ್ತಿರ್ತಾರ ಅಂತ. ಯಾರಿಗರ ನೆನಪಿರ್ತೈತೇನ್ರಿ? ಇನ್‌ಮ್ಯಾಲೆ ಇಂಥಾ ಕಾಗದ ಎಲ್ಲಾ ನಾವಿಬ್ರೂ ಕೂಡೇ ನೋಡೂನು ಅಂದಾರ. ನಾನೂ ಒಂದ ಸಲ ಚೆಕ್ ಮಾಡ್ತೀನಿ, ನಿಮಗ ತ್ರಾಸ ಆಗಂಗಿಲ್ಲ.” ಅವಳು ಅವನ ಮುಖ ನೋಡಿದಳು. “ಮರ್ತಿದ್ರಿ, ಹೌದಲ್ರಿ ಕಾಕಾ?”

ಆ ಕಣ್ಣುಗಳಲ್ಲಿ ಅವಳಿಗೆ ಗೊತ್ತೇ, ಗೊತ್ತಿಲ್ಲವೇ ಎಂದು ಅವನು ಹುಡುಕಿದ. ಗೊತ್ತಿಲ್ಲದಿದ್ದರೆ ತಾನು ಕೈಲಾಗದ ಮುದುಕ. ಗೊತ್ತಿದ್ದೂ ತಪ್ಪಿಸಿಕೊಳ್ಳಲು ಬಾಗಿಲು ತೆರೆದು ಕೊಡುತ್ತಿದ್ದಾಳೆಂದರೆ, ಒಳ್ಳೆಯತನದಲ್ಲೂ ಈ ಹುಡುಗಿ ತನಗಿಂತ ಮುಂದೆ. ಎರಡರಲ್ಲಿ ಯಾವುದು ಹೆಚ್ಚು ಸುಡುತ್ತದೆಂದು ತಿಳಿಯಲಿಲ್ಲ. ಅಡುಗೆಮನೆಯಲ್ಲಿ ಊರ್ಮಿಳಾಳ ಸೌಟಿನ ಸದ್ದು ನಿಂತಿತ್ತು, ಅವಳು ಕೇಳಿಸಿಕೊಳ್ಳುತ್ತಿದ್ದಳು. ಇಲ್ಲ ಎನ್ನುವುದಕ್ಕೆ ಇನ್ನೂ ಹೊತ್ತಿತ್ತು. ಒಂದು ಉಸಿರಿನಷ್ಟು ಹೊತ್ತು ಪೂರ್ತಿ ಇತ್ತು.

“ಹೌದಮ್ಮ,” ಎಂದ. “ಮರೆತೇಬಿಟ್ಟಿದ್ದೆ.”

“ಹಾಂ, ಅದನ್ನ ಹೇಳಿದ್ನಿ,” ಎಂದು ಸಂಜನಾ ಚೀಟಿಗಳನ್ನು ಒಂದೊಂದಾಗಿ ಎತ್ತಿಡತೊಡಗಿದಳು.

ಊರ್ಮಿಳಾ ಪಾತ್ರೆ ಹಿಡಿದು ಬಂದಳು. ಮೇಜಿನ ಮೇಲೆ ಅದನ್ನಿಟ್ಟು, ಸೆರಗಿನ ಗಂಟಿನಿಂದ ಏನನ್ನೋ ಬಿಚ್ಚಿ, ಅವನ ತಟ್ಟೆಯ ಪಕ್ಕಕ್ಕೆ ಸದ್ದಾಗದಂತೆ ಇಟ್ಟಳು. ಅವನ ಕನ್ನಡಕ. “ಕಡತದ ಒಳಗಿತ್ತು,” ಎಂದಳು, ಅವನಿಗೆ ಮಾತ್ರ ಕೇಳಿಸುವಷ್ಟು. ಒರೆಸಿ ಸ್ವಚ್ಛ ಮಾಡಿದ್ದಳು. ಸಂಜನಾ ತಲೆ ಬಗ್ಗಿಸಿ ಚೀಟಿ ಜೋಡಿಸುತ್ತಿದ್ದಳು, ನೋಡಲಿಲ್ಲ, ಅಥವಾ ನೋಡದಂತೆ ಇದ್ದಳು.

ಊರ್ಮಿಳಾ ಸೌಟಿನಿಂದ ಸಾರನ್ನು ಕದಡಿ ಒಂದಿಷ್ಟು ಎತ್ತಿದಳು. ಮೂವತ್ತು ವರ್ಷದ ರೂಢಿ. ಶೇಷಗಿರಿಯ ಬಲಗೈ ತಾನಾಗಿಯೇ ಮುಂದೆ ಬಂದು ಅಂಗೈ ಬಿಚ್ಚಿಕೊಂಡಿತು.

“ಸಂಜನಾ, ಕೈ ಹಿಡಿಯೇ,” ಎಂದಳು ಊರ್ಮಿಳಾ. “ಉಪ್ಪು ನೋಡು.”

ಹುಡುಗಿ ನೆಕ್ಕಿ ನೋಡಿ, ಸರಿ ಐತ್ರಿ ಕಾಕು ಎಂದಳು. ಊರ್ಮಿಳಾ ಬಡಿಸತೊಡಗಿದಳು. ಶೇಷಗಿರಿ ಬಿಚ್ಚಿದ ಅಂಗೈಯನ್ನು ಹಿಂದಕ್ಕೆ ತೆಗೆದುಕೊಂಡು, ಬೇರೆ ಏನೂ ತೋಚದೆ, ಅದರಿಂದ ಕನ್ನಡಕ ಎತ್ತಿ ಹಾಕಿಕೊಂಡ. ಎಲ್ಲವೂ ಸ್ಪಷ್ಟವಾಗಿ ಕಾಣಿಸಿತು.